ಮುನ್ನೂರು ಮೀಟರಿನೊಳಗಿನ ಮನೆ

ಕಂಬೊರೆ ಹಟ್ಟಿಯಲ್ಲಿ ಯಾರು ಸತ್ತರೂ ಅವರ ಪಾಪಗಳನ್ನು ಹೇಳುವವನು ಭೋಜನ್. ಹೊರಗಿನವರಿಗೆ ಇದು ಚಾಡಿ ಹೇಳುವ ಕೆಲಸದಂತೆ ಕಾಣಬಹುದು, ಹಾಗಲ್ಲ. ಘಟ್ಟದ ಮೇಲಿನ ಬಡಗ ಜನರ ಸಾವಿನಲ್ಲಿ ಹೆಣವನ್ನು ಮಣ್ಣಿಗೆ ಎತ್ತುವ ಮುಂಚೆ ಒಬ್ಬ ಹಿರಿಯ ಚಟ್ಟದ ತಲೆಯ ಕಡೆ ನಿಂತು, ಸತ್ತವರು ಮಾಡಿದ್ದು, ಮಾಡದಿದ್ದದ್ದು, ಅವರ ಹೆತ್ತವರು ಮಾಡಿದ್ದು, ಮನುಷ್ಯನಾಗಿ ಹುಟ್ಟಿದವರು ಮಾಡಬಹುದಾದದ್ದು ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾನೆ. ಒಂದೊಂದಕ್ಕೂ ಸೇರಿದ ಜನ ‘ಅದು ಪಾಪ’ ಎಂದು ಉತ್ತರ ಕೊಡಬೇಕು. ಉತ್ತರ ಬಂತೋ, ಆ ಪಾಪ ಕಳೆದ ಹಾಗೆ. ಉತ್ತರ ಬಾರದೆ ಮುಂದಿನದಕ್ಕೆ ಹೋಗುವಂತಿಲ್ಲ, ಕಡೆಯ ಬಿಡುಗಡೆಯ ಮಾತು ಆಗದೆ ಚಟ್ಟ ಎತ್ತುವಂತಿಲ್ಲ. ಭೋಜನ್ ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದ. ಉತ್ತರ ಬಾರದೆ ಅವನು ನಿಂತದ್ದು ಒಮ್ಮೆಯೂ ಇರಲಿಲ್ಲ.

ಇಂಥ ಭೋಜನ್, ಊರವರ ಪಾಪವೆಲ್ಲ ಬಾಯಿಪಾಠ ಇದ್ದವನು, 1999ರ ಮಾರ್ಚಿನಲ್ಲಿ ತನ್ನ ಒಡಹುಟ್ಟಿದ ಅಕ್ಕನ ಮನೆ ಇಲ್ಲವೆಂದು ಸಹಿ ಹಾಕಿಕೊಟ್ಟ.

ಅಕ್ಕ ನಂಜಿಯ ಮನೆ ಹಟ್ಟಿಯ ಸಾಲಿನಲ್ಲಿರಲಿಲ್ಲ. ಹಟ್ಟಿಯ ಮನೆಗಳೆಲ್ಲ ಒಂದರ ಗೋಡೆಗೆ ಇನ್ನೊಂದು ಆತು ಸಾಲಾಗಿ ನಿಂತಿದ್ದರೆ, ಅವಳದು ಮೇಲೆ ಬೆಳ್ಳಗಲ್ಲು ಎಂಬ ದೊಡ್ಡ ಬಂಡೆಯ ಬುಡದಲ್ಲಿ ಒಂಟಿಯಾಗಿತ್ತು. ಮೂವತ್ತರ ವಯಸ್ಸಿನಲ್ಲಿ ಅವಳು ಕೆತ್ತಿ ಎಂಬ ಊರಿನ ಕಡೆಯ ಗಂಡನ ಹಟ್ಟಿಯಿಂದ ಬಟ್ಟೆಯ ಗಂಟು ಹಿಡಿದು ವಾಪಸು ಬಂದಿದ್ದಳು. ಕೂಡಿಬರದಿದ್ದರೆ ಹೆಣ್ಣು ತವರಿಗೆ ಬರುವುದು ಆ ಜನರಲ್ಲಿ ದೊಡ್ಡ ಮಾತಲ್ಲ, ಯಾರೂ ಏನೂ ಕೇಳಲಿಲ್ಲ. ಆದರೆ ಭೋಜನನಿಗೆ ಮದುವೆಯಾಗಿ ಒಂದು ಒಲೆಗೆ ಇಬ್ಬರು ಹೆಂಗಸರಾದಾಗ ನಂಜಿ ತಾನಾಗಿಯೇ ಮೇಲಿನ ಹಳೆಯ ಎಮ್ಮೆಕೊಟ್ಟಿಗೆಗೆ ಹೋದಳು. ತಾನೇ ಮಣ್ಣು ಕಲಸಿ ಗೋಡೆ ಎಬ್ಬಿಸಿದಳು, ತಗಡು ಹೊದಿಸಿದಳು, ಒಲೆ ಹಾಕಿದಳು, ಅಂಗಳದಲ್ಲಿ ಒಂದು ಬೇರಿಕಾಯಿ ಗಿಡ ನೆಟ್ಟಳು. ಗಿಡ ಮರವಾಯಿತು. ಇಪ್ಪತ್ತೆಂಟು ವರ್ಷ ಆ ಒಲೆ ದಿನಕ್ಕೆ ಎರಡು ಹೊತ್ತು ಉರಿಯಿತು, ಬೇರಿಕಾಯಿ ಪ್ರತಿವರ್ಷ ಹಟ್ಟಿಯ ಮನೆಮನೆಗೂ ಬಂತು.

ಸರ್ಕಾರದ ಕಣ್ಣಿಗೆ ಮಾತ್ರ ಇದ್ಯಾವುದೂ ಬಿದ್ದಿರಲಿಲ್ಲ. ಆ ಜಾಗ ಹಟ್ಟಿಯ ಎಮ್ಮೆಗಳು ತಲೆತಲಾಂತರದಿಂದ ಮೇಯುತ್ತಿದ್ದ ಹುಲ್ಲು, ಕಾಗದದಲ್ಲಿ ಪುರಂಬೋಕು, ಅಂದರೆ ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಾಗ. ಮನೆಗೆ ನಂಬರಿಲ್ಲ, ಕರೆಂಟಿಲ್ಲ. ನಂಜಿಯ ಹೆಸರು ಭೋಜನನ ರೇಷನ್ ಕಾರ್ಡಿನಲ್ಲಿತ್ತು.

ಆ ವರ್ಷಗಳಲ್ಲಿ ಟೀ ಸೊಪ್ಪಿನ ಬೆಲೆ ನೆಲ ಕಚ್ಚಿತ್ತು. ಕಿತ್ತ ಸೊಪ್ಪನ್ನು ಫ್ಯಾಕ್ಟರಿ ಬೇಡವೆಂದು ವಾಪಸು ಕಳಿಸಿದ ದಿನಗಳೂ ಇದ್ದವು. ಗಂಡಸರು ಮಂಜೂರು ಪೇಟೆಯ ಬಸ್ ನಿಲ್ದಾಣದಲ್ಲಿ ಸುಮ್ಮನೆ ಕೂತು ಬರುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಅಂಥ ಹೊತ್ತಿನಲ್ಲಿ ಮಹಾಲಿಂಗಂ ಎಂಬ ಕಾಂಟ್ರಾಕ್ಟರು ಬಿಳಿ ಜೀಪಿನಲ್ಲಿ ಬಂದ. ಘಟ್ಟದ ರಸ್ತೆ ಅಗಲ ಮಾಡುವ ಕೆಲಸ ಹಿಡಿದಿದ್ದ. ಬೆಳ್ಳಗಲ್ಲನ್ನು ಒಡೆದು ಜಲ್ಲಿ ಮಾಡಬೇಕು, ಅಲ್ಲೇ ಒಂದು ಕ್ರಷರು, ಪಕ್ಕದಲ್ಲಿ ಜಲ್ಲಿಗೆ ಟಾರು ಕಲಸುವ ಪ್ಲಾಂಟು. ಹನ್ನೆರಡು ಜನಕ್ಕೆ ಕೆಲಸ, ಹಟ್ಟಿಗೆ ಡಾಂಬರು ರಸ್ತೆ. ಭೋಜನನ ಮಗ ಮನೋಜ್‌ಕುಮಾರನಿಗೆ ಲಾರಿ ಲೈಸೆನ್ಸ್ ಇದೆಯೆಂದು ಅವನಿಗೆ ಯಾರು ಹೇಳಿದರೋ, ಟಿಪ್ಪರ್ ಅವನದೇ ಎಂದುಬಿಟ್ಟ.

ಹಟ್ಟಿಯ ಗೌಡ ಮಾದ ಕೂಟ ಕರೆದ. ಗುಡಿಯ ಮುಂದಿನ ಹುಲ್ಲಿನ ಮೇಲೆ ಗಂಡಸರು ಕೂತರು, ಹೆಂಗಸರು ಹಿಂದೆ ಗೋಡೆಯ ಬದಿಗೆ ನಿಂತರು. ಮಾದ ಗೌಡ ಕೆಟ್ಟವನಲ್ಲ. ಹಟ್ಟಿಯ ಹುಡುಗರು ಒಬ್ಬೊಬ್ಬರಾಗಿ ತಿರುಪ್ಪೂರಿನ ಬನಿಯನ್ ಕಂಪನಿಗೆ ಇಳಿದುಹೋಗುವುದನ್ನು ನೋಡಿ ಅವನ ಹೊಟ್ಟೆ ಉರಿದಿತ್ತು.

“ಎನ್ನ ಅಕ್ಕನ ಮನೆ ಅಲ್ಲೇ ಇದೆಯಲ್ಲ ಮಾದಣ್ಣ,” ಎಂದ ಭೋಜನ್.

“ನಿನ್ನ ಅಕ್ಕನ ನಿನ್ನ ಮನೆಗ ಕೂಟಿಗೊ. ನಾಲ್ಕು ಕೋಣೆ ಇದೆಯಲ್ಲ, ಒಂದ ಅವಳಿಗ ಬಿಡು. ಅಷ್ಟಕ್ಕ ಹನ್ನೆರಡು ಮನೆಯ ಸೋರು ಕಳೆಯೋದಾ?”

ಸೋರು ಎಂದರೆ ಅನ್ನ. ಅನ್ನದ ಮಾತು ಬಂದ ಮೇಲೆ ಯಾರೂ ತಲೆ ಎತ್ತಲಿಲ್ಲ. ಮಾದ ಗೌಡ ಹುಲ್ಲಿನ ಕಡ್ಡಿಯೊಂದನ್ನು ಕಿತ್ತು ಪಕ್ಕಕ್ಕೆ ಹಾಕಿ, “ಸರಿ, ಹಟ್ಟಿ ಒಪ್ಪಿತು,” ಎಂದ. ಗೌಡ ಹಾಗೆಂದ ಮೇಲೆ ಅದು ಹಟ್ಟಿಯ ಮಾತು. ಒಳಗೆ ಎಷ್ಟು ಬೇಕಾದರೂ ಗೊಣಗಬಹುದು, ಹೊರಗಿನವರ ಮುಂದೆ ಹಟ್ಟಿಗೆ ಒಂದೇ ಬಾಯಿ. ಅವರ ಅಜ್ಜಂದಿರು ಹಾಗೇ ಬದುಕಿದ್ದರು, ಅದರಿಂದ ಅವರಿಗೆ ಒಳ್ಳೆಯದೇ ಆಗಿತ್ತು.

ಮುಂದಿನ ವಾರ ಅಳತೆಗೆ ಬಂದವನು ಗ್ರಾಮಾಧಿಕಾರಿ ಚಂದ್ರನ್. ವಿ.ಎ.ಓ. ಎಂದೇ ಎಲ್ಲರೂ ಕರೆಯುವುದು. ಕೆಳನಾಡಿನವನು, ಚಳಿಗೆ ಮಫ್ಲರ್ ಬಿಚ್ಚಿದವನಲ್ಲ. ಕಲ್ಲು ಒಡೆಯುವ ಜಾಗದಿಂದ ಮುನ್ನೂರು ಮೀಟರಿನೊಳಗೆ ಜನ ವಾಸ ಮಾಡುವ ಮನೆ ಇರಬಾರದೆಂಬುದು ನಿಯಮ. ಟೇಪಿನ ಒಂದು ತುದಿ ಚಂದ್ರನ್ ಹಿಡಿದ, ಇನ್ನೊಂದು ತುದಿ ಹಿಡಿಯಲು ಭೋಜನನನ್ನು ಕರೆದ. ಬಂಡೆಯ ಅಂಚಿನಿಂದ ಸರದಿ ಸರದಿಯಾಗಿ ಟೇಪು ಎಳೆಯುತ್ತ ಬಂದರೆ ನಂಜಿಯ ಹೊಸ್ತಿಲಿಗೆ ನೂರನಲವತ್ತು ಮೀಟರ್ ಆಯಿತು. ಒಳಗೆ ನಂಜಿ ಹಿಟ್ಟು ತಿರುವುತ್ತಿದ್ದಳು. ಹೊಗೆ ತಗಡಿನ ಸಂದಿಯಿಂದ ಹೊರಗೆ ಬರುತ್ತಿತ್ತು.

“ಯಾರು ತಮ್ಮಾ? ಅಳತೆಯವರಾ? ಬಾ ಅನ್ನು, ಕಾಪಿ ಕುಡಿದು ಹೋಗಲಿ,” ಎಂದಳು ಒಳಗಿನಿಂದಲೇ.

ಇಬ್ಬರೂ ಕಾಪಿ ಕುಡಿದರು. ಚಂದ್ರನ್ ಲೋಟ ಕೆಳಗಿಟ್ಟು, ಅಂಗಳದಾಚೆ ಬಂದು, ಫೈಲು ತೆರೆದು ತಮಿಳಿನಲ್ಲಿ ಮೆಲ್ಲಗೆ ಕೇಳಿದ. ಈ ಹೆಂಗಸಿನ ಕಾರ್ಡು ಎಲ್ಲಿದೆ? ನನ್ನ ಮನೆಯಲ್ಲಿ ಎಂದ ಭೋಜನ್. ಮನೆತೆರಿಗೆ? ಇಲ್ಲ. ಹಾಗಾದರೆ ಇವರು ವಾಸ ಮಾಡುವುದು ನಿಮ್ಮ ಮನೆಯಲ್ಲಿ, ಇಲ್ಲಿಗೆ ಹಗಲು ಬಂದು ಹೋಗುತ್ತಾರೆ, ಅಲ್ಲವೇ? ಟೇಪು ಎಳೆದರೆ ಹಿಗ್ಗುವುದಿಲ್ಲವೆಂದು ಚಂದ್ರನಿಗೆ ಗೊತ್ತಿತ್ತು, ಮನೆಯನ್ನಾದರೆ ಅಳಿಸಬಹುದಿತ್ತು. ಭೋಜನ್ ಬಾಯಿ ತೆರೆದ, ಟಿಪ್ಪರಿನ ಸ್ಟೇರಿಂಗ್ ಹಿಡಿದ ಮಗ ಕಣ್ಣಮುಂದೆ ಬಂದ, ಬಾಯಿ ಮುಚ್ಚಿದ. ‘ಪಾಳುಬಿದ್ದ ಎಮ್ಮೆಕೊಟ್ಟಿಗೆ ಒಂದು, ವಾಸವಿಲ್ಲ’ ಎಂದು ಬರೆದದ್ದರ ಕೆಳಗೆ ಸಾಕ್ಷಿಯ ಸಹಿ ಹಾಕಿದ. ಬಾಯಲ್ಲಿ ಅವಳ ಕಾಪಿಯ ಬೆಲ್ಲ ಇನ್ನೂ ಇತ್ತು.

ಏಪ್ರಿಲಿನಲ್ಲಿ ಶಾಲೆಯ ಮೈದಾನದಲ್ಲಿ ಅಹವಾಲು ಸಭೆ. ಶಾಮಿಯಾನ, ಮೈಕು, ಮೇಜಿನ ಮೇಲೆ ಬಿಳಿ ಬಟ್ಟೆ, ಬಾಟಲಿ ನೀರು. ಮೇಲಿನ ಅಧಿಕಾರಿಗಳು ಮೂವರು ಬಂದಿದ್ದರು. ನಂಜಿ ಒಗೆದ ಬಿಳಿಯ ಮುಂಡು ಉಟ್ಟು, ತಲೆಗೆ ಬಿಳಿಯ ಪಟ್ಟು ಕಟ್ಟಿ, ಹೆಂಗಸರ ಸಾಲಿನಲ್ಲಿ ಮುಂದೆ ಬಂದು ಕೂತಳು. ಹಿಂದಿನ ದಿನವೇ ತಮ್ಮನಿಗೆ ಹೇಳಿಬಿಟ್ಟಿದ್ದಳು, “ನೀ ಎದ್ದು ಹೇಳು. ಎನ್ನ ಅಕ್ಕ ಅಲ್ಲಿ ಇದ್ದಾಳೆ ಅಂತ ಒಂದೇ ಮಾತು. ಸಾಕು.” ಭೋಜನ್ ‘ಆಗಲಿ’ ಎಂದಿರಲಿಲ್ಲ, ಇಲ್ಲವೆಂದೂ ಅಂದಿರಲಿಲ್ಲ.

ಅಧಿಕಾರಿ ಕಾಗದ ಓದಿದರು. ಮುನ್ನೂರು ಮೀಟರಿನೊಳಗೆ ಜನವಸತಿ ಇಲ್ಲವೆಂದರು. ಆಕ್ಷೇಪವಿದ್ದವರು ಹೆಸರು ಹೇಳಿ ಮಾತಾಡಬಹುದು ಎಂದರು. ಹಟ್ಟಿ ತಲೆ ತಗ್ಗಿಸಿ ಕೂತಿತ್ತು. ಎರಡನೆಯ ಸಲ ಕೇಳಿದರು. ಮೂರನೆಯ ಸಲ ಮೈಕು ಹತ್ತಿರಕ್ಕೆಳೆದುಕೊಂಡು ಕೇಳಿದರು. ಅಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಬೆಳ್ಳಗಲ್ಲು ಒಡೆಯುವುದು ಇಷ್ಟವಿರಲಿಲ್ಲ. ಬುಡದ ಊಟೆ ಬತ್ತುತ್ತದೆಂಬ ಹೆದರಿಕೆ ಕೆಲವರಿಗೆ, ಸೊಪ್ಪಿನ ಮೇಲೆ ಧೂಳು ಕೂರುತ್ತದೆಂಬುದು ಕೆಲವರಿಗೆ. ಆದರೆ ಗೌಡ ಹುಲ್ಲುಕಡ್ಡಿ ಹಾಕಿಯಾಗಿತ್ತು, ಎದುರಿಗೆ ಹೊರಗಿನವರಿದ್ದರು. ಸುಮ್ಮನಿರುವುದೇ ಮರ್ಯಾದೆ ಎಂದು ಅವರು ಸುಮ್ಮನಿದ್ದರು. ಮೇಜಿನ ಹಿಂದಿದ್ದವರಿಗೆ ಆ ಮರ್ಯಾದೆಯ ಅರ್ಥ ಗೊತ್ತಿರಲಿಲ್ಲ. ಎಲ್ಲರೂ ಒಪ್ಪಿದರು, ಆಕ್ಷೇಪ ಯಾವುದೂ ಇಲ್ಲ ಎಂದು ಬರೆದುಕೊಂಡರು.

ನಂಜಿ ಮೂರು ಸಲವೂ ತಮ್ಮನ ಕಡೆ ತಿರುಗಿ ನೋಡಿದಳು. ಅವನು ಮೂರು ಸಲವೂ ಮಾದ ಗೌಡನ ಚಪ್ಪಲಿ ನೋಡುತ್ತಿದ್ದ.

ವಾಪಸು ಬರುವ ದಾರಿಯಲ್ಲಿ ಅವಳು ಬೈಯಲಿಲ್ಲ. ಅದೇ ಅವನಿಗೆ ಹೆಚ್ಚಾಯಿತು. “ತಮ್ಮ ಕೂತಿರುವಾಗ ಕೂಟದಲ್ಲಿ ಹೆಂಗಸು ಬಾಯಿ ಬಿಡಬಾರದು ಅಂತ ಸುಮ್ಮನಿದ್ದೆ. ನೀ ಇದ್ದೆಯಲ್ಲ ಅಂತ,” ಎಂದಳು.

“ಎನ್ನ ಮನೆಗ ಬಂದುಬಿಡು ಅಕ್ಕ. ನಾಳೆಯೇ.”

“ಏಕ? ಎನಗ ಮನೆ ಇಲ್ಲೆಯಾ?”

 ಭೋಜನ್ ಅವಳ ಹಿಂದೆ ನಡೆದ.

ಅನುಮತಿ ಬರಲು ಎಂಟು ತಿಂಗಳು ಹಿಡಿಯಿತು, ಬಂದ ಮೇಲೆ ಎಲ್ಲ ಬೇಗಬೇಗ ನಡೆಯಿತು. ಕ್ರಷರಿನ ಸದ್ದು ಬೆಳಗಿನಿಂದ ಸಂಜೆಯವರೆಗೆ ಹಟ್ಟಿಯ ಮೇಲೆ ಕೂತಿತು. ಟಾರು ಪ್ಲಾಂಟಿನ ಕರಿಹೊಗೆ ಗಾಳಿ ಬೀಸಿದ ಕಡೆ ತಿರುಗಿ ಟೀತೋಟದ ಮೇಲೆ ಇಳಿಯುತ್ತಿತ್ತು. ಸೊಪ್ಪು ಟಾರು ನಾರುತ್ತದೆಂದು ಫ್ಯಾಕ್ಟರಿಯವರು ಮೊದಲು ಗೊಣಗಿದರು, ಆಮೇಲೆ ಮೇಲಿನ ತೋಟಗಳ ಸೊಪ್ಪು ಕೊಳ್ಳುವುದನ್ನೇ ನಿಲ್ಲಿಸಿಬಿಟ್ಟರು. ಡಾಂಬರು ರಸ್ತೆ ಬಂತು, ಕ್ರಷರಿನ ಗೇಟಿನವರೆಗೆ. ಅಲ್ಲಿಂದ ಹಟ್ಟಿಗೆ ಅದೇ ಹಳೆಯ ಕಾಲುದಾರಿ.

ದಿನಾ ಹನ್ನೊಂದು ಗಂಟೆಗೆ ಬಂಡೆಗೆ ಮದ್ದು ಸಿಡಿಸುತ್ತಿದ್ದರು. ಅದಕ್ಕೆ ಮುಂಚೆ ಒಬ್ಬ ಕಾವಲಿನವನು ಮೂರು ಉದ್ದ ವಿಸಿಲ್ ಊದುತ್ತಿದ್ದ. ವಿಸಿಲ್ ಕೇಳಿದರೆ ಹಟ್ಟಿಯ ಮೇಲುಭಾಗದವರೆಲ್ಲ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಕೆಳಗೆ ಓಡುವುದು. ಮೂರು ತಿಂಗಳಲ್ಲಿ ಕಾಲುಗಳೇ ಅದನ್ನು ಕಲಿತವು, ತಲೆಗೆ ಕೆಲಸವಿರಲಿಲ್ಲ. ನಂಜಿ ಓಡುತ್ತಿರಲಿಲ್ಲ. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ತನ್ನ ಲೋಟ ತಾನೇ ಹಿಡಿದುಕೊಂಡು, ನಿಧಾನವಾಗಿ ಇಳಿದು ಬಂದು ಭೋಜನನ ಜಗಲಿಯಲ್ಲಿ ಕೂರುವಳು. ಮನೋಜನ ಹೆಂಡತಿ ಕಲಾ ಆ ಲೋಟಕ್ಕೆ ಕಾಪಿ ಹಾಕಿ ಕೊಡುವಳು. ಸಿಡಿದಾದ ಮೇಲಿನ ವಿಸಿಲ್ ಊದಿದರೆ ಎದ್ದು ವಾಪಸು. ಹೊಸ್ತಿಲು ದಾಟಿ ಒಳಗೆ ಬಾ ಎಂದರೆ ಒಂದು ದಿನವೂ ಬರಲಿಲ್ಲ.

ಅಂಗಳಕ್ಕೆ ಬಂದು ಬಿದ್ದ ಕಲ್ಲುಗಳನ್ನು ಅವಳು ಎಸೆಯುತ್ತಿರಲಿಲ್ಲ. ಬೇರಿಕಾಯಿ ಮರದ ಬುಡದಲ್ಲಿ ಒಟ್ಟುತ್ತ ಹೋದಳು. ಮೊದಮೊದಲು ನಿಂಬೆಗಾತ್ರದವು, ಆಮೇಲೆ ತೆಂಗಿನಕಾಯಿ ಗಾತ್ರದವೂ ಇದ್ದವು. ವರ್ಷ ತಿರುಗುವುದರೊಳಗೆ ರಾಶಿ ಸೊಂಟದೆತ್ತರ ಬಂತು.

“ಇದ್ಯಾಕ ಅತ್ತೆ ಕೂಡಿಡ್ತೀರ?” ಎಂದು ಕಲಾ ಒಮ್ಮೆ ಕೇಳಿದಳು.

“ಇಲ್ಲದ ಮನೆಗ ಕಲ್ಲು ಬೀಳುತ್ತಲ್ಲ, ಅದ ಎಣಿಸಿ ಇಟ್ಟೀನೆ. ಯಾರಾದರೂ ಕೇಳಿಯಾರು.”

ಕಲಾ ನಕ್ಕಳು. ಗೋಡೆಯಾಚೆ ಕೂತಿದ್ದ ಭೋಜನನಿಗೆ ನಗು ಬರಲಿಲ್ಲ. ಮರುದಿನವೇ ಮಂಜೂರಿಗೆ ಹೋಗಿ ಚಂದ್ರನ ಕಚೇರಿಯ ಮುಂದೆ ನಿಂತ. “ಅಯ್ಯಾ, ಒಂದು ತಪ್ಪಾಗಿದೆ. ತಿದ್ದಬೇಕು,” ಎಂದ.

ಚಂದ್ರನ್ ಸಿಡುಕಲಿಲ್ಲ. ಕುರ್ಚಿ ಕೊಟ್ಟು ಕೂರಿಸಿದ. ಎದುರಿಗೆ ಒಂದು ಬಿಳಿ ಹಾಳೆ, ಪೆನ್ನು ಇಟ್ಟು ತಮಿಳಿನಲ್ಲಿ ಬಿಡಿಸಿ ಹೇಳಿದ. ಬರೆಯಿರಿ, ಅಲ್ಲಿ ಮನೆ ಇತ್ತು, ನಾನು ಗೊತ್ತಿದ್ದೂ ಸುಳ್ಳು ಸಾಕ್ಷಿ ಹಾಕಿದೆ ಎಂದು. ನೀವು ಬರೆದುಕೊಟ್ಟರೆ ನಾನು ಮೇಲಕ್ಕೆ ಕಳಿಸಲೇಬೇಕು. ಪ್ಲಾಂಟು ನಿಲ್ಲುತ್ತದೆ. ನಿಮ್ಮ ಮೇಲೆ ಕೇಸಾಗುತ್ತದೆ, ನನ್ನ ಕೆಲಸ ಹೋಗುತ್ತದೆ. ಆದರೂ ಬರೆಯುವುದು ನಿಮ್ಮ ಹಕ್ಕು.

ಭೋಜನ್ ಹಾಳೆ ನೋಡಿದ. ಹನ್ನೆರಡು ಮನೆಯ ಸೋರು, ಮನೋಜನ ಟಿಪ್ಪರು, ಕಲಾಳ ಬಸುರು ಎಲ್ಲವೂ ಆ ಹಾಳೆಯ ಮೇಲೆ ಬಂದು ಕೂತವು. ಯೋಚನೆ ಮಾಡಿ ಸೋಮವಾರ ಬರುತ್ತೇನೆಂದು ಎದ್ದ. ಆ ಸೋಮವಾರ ಮೂರು ತಿಂಗಳಾದರೂ ಬರಲಿಲ್ಲ.

2001ರ ಫೆಬ್ರವರಿ. ರಸ್ತೆ ನೋಡಲು ದೊಡ್ಡವರು ಯಾರೋ ಬರುತ್ತಾರೆಂದು ಜಲ್ಲಿಗೆ ಅವಸರ ಬಿದ್ದಿತ್ತು. ಆ ಬೆಳಿಗ್ಗೆ ಎಂಟೂವರೆಗೇ ಮದ್ದು ಸಿಡಿಸಿದರು. ವಿಸಿಲ್ ಊದುವವನು ಮಂಜೂರಿನ ಬಸ್ಸಿನಿಂದ ಇನ್ನೂ ಇಳಿದಿರಲಿಲ್ಲ. ಭೋಜನ್ ಕೆಳಗಿನ ತೋಟದಲ್ಲಿ ಸೊಪ್ಪು ಕೀಳುತ್ತಿದ್ದ. ನೆಲ ಅದುರಿತು. ವಿಸಿಲ್ ಕೇಳಿಸಲಿಲ್ಲವಲ್ಲ ಎಂದು ತಲೆಯೆತ್ತುವುದರೊಳಗೆ ಮೇಲಿನಿಂದ ತಗಡಿನ ಸದ್ದು ಬಂತು. ಒಂದೇ ಸದ್ದು. ಬುಟ್ಟಿ ಎಸೆದು ಓಡಿದ.

ತಗಡಿನಲ್ಲಿ ತೂತಾಗಿತ್ತು. ಅದರಿಂದ ಬಿದ್ದ ಬೆಳಕಿನಲ್ಲಿ ನಂಜಿ ಒಲೆಯ ಪಕ್ಕಕ್ಕೆ ಒರಗಿದ್ದಳು. ಹಾಲು ಉಕ್ಕಿ ಒಲೆ ಕೆಟ್ಟಿತ್ತು. ಕಲ್ಲು ಅವಳ ಮಗ್ಗುಲಲ್ಲೇ ಇತ್ತು, ಅಷ್ಟೇನೂ ದೊಡ್ಡದಲ್ಲ. ಮನೋಜ್ ಜಲ್ಲಿ ತುಂಬಿದ ಟಿಪ್ಪರನ್ನು ಗೇಟಿನಲ್ಲೇ ಸುರಿದು ಅತ್ತೆಯನ್ನು ಅದರಲ್ಲೇ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ದಾರಿಯಲ್ಲೇ ಉಸಿರು ಹೋಗಿತ್ತು.

ಆಸ್ಪತ್ರೆಯ ಹಿಂದಿನ ಶೆಡ್ಡಿನ ಬಾಗಿಲಲ್ಲಿ ಒಬ್ಬ ಪೊಲೀಸಿನವನೂ ಚಂದ್ರನೂ ಮಾದ ಗೌಡನೂ ಕಾಯುತ್ತಿದ್ದರು. ದಾಖಲೆಯಲ್ಲಿ ಅಲ್ಲಿ ಮನೆಯಿಲ್ಲ, ಇಲ್ಲದ ಮನೆಯೊಳಗೆ ಒಬ್ಬಳು ಸಾಯುವುದು ಹೇಗೆ? ಸೌದೆ ಆರಿಸಲು ಗಣಿಯ ಬೇಲಿಯೊಳಗೆ ಬಂದಿದ್ದಾಗ ಎಂದು ಬರೆದಿದ್ದರು. ಅದಕ್ಕೆ ರಕ್ತಸಂಬಂಧಿಯ ಸಹಿ ಬೇಕು, ಆಮೇಲೆ ಹೆಣ ಕೊಡುತ್ತಾರೆ.

“ಬೇಲಿ ದಾಟಿದವಳಲ್ಲ ಎನ್ನ ಅಕ್ಕ. ಒಲೆ ಮುಂದ ಕೂತಿದ್ದಳು,” ಎಂದ ಭೋಜನ್.

ಮಾದ ಗೌಡ ಅವನ ಭುಜ ಹಿಡಿದ. ಗೌಡನ ಕಣ್ಣೂ ಒದ್ದೆಯಾಗಿತ್ತು, ಅದು ಸುಳ್ಳಲ್ಲ. “ಅವಳು ಸಿಮೆಂಟಿನ ಮೇಲೆ ಬಿದ್ದಿದ್ದಾಳೆ ಭೋಜಾ. ತಣ್ಣಗೆ. ಮೊದಲ ಹಟ್ಟಿಗ ಕೊಂಡುಹೋಪ. ಕಾಗದದ ಜಗಳ ಆಮೇಲೆ ಮಾಡುವ, ನಾನೂ ಬರ್ತೀನೆ.”

ಭೋಜನ್ ಎರಡನೆಯ ಸಲ ಸಹಿ ಹಾಕಿದ.

ಮಣ್ಣು ಮಾಡುವ ದಿನ ಎರಡು ಗಂಟೆಯವರೆಗೆ ಕ್ರಷರೂ ಮದ್ದೂ ನಿಲ್ಲಿಸಲು ಮಹಾಲಿಂಗಂ ಒಪ್ಪಿದ್ದ. ಒಂದು ದೊಡ್ಡ ಹಾರವನ್ನೂ ಕಳಿಸಿದ್ದ. ಹಟ್ಟಿಗೂ ಬೆಳ್ಳಗಲ್ಲಿಗೂ ನಡುವಿನ ಹುಲ್ಲುಮೈದಾನದಲ್ಲಿ ಚಟ್ಟ ಇಟ್ಟರು. ಸುತ್ತಿನ ಹಟ್ಟಿಗಳಿಂದ ಜನ ಬಂದಿದ್ದರು. ಒಂದು ವರ್ಷದ ಮೇಲೆ ಮೊದಲ ಸಲ ಹಗಲಿನಲ್ಲಿ ಹಕ್ಕಿಯ ದನಿ ಕೇಳಿಸಿತು, ಕೆಲವರು ತಲೆಯೆತ್ತಿ ನೋಡಿದರು. ಪದ್ಧತಿಯಂತೆ ಅತ್ತು, ಚಟ್ಟದ ಸುತ್ತ ಕುಣಿದು, ಕಾಳು ಹಾಕಿ ಎಲ್ಲ ಆಗುವಾಗ ಒಂದು ಗಂಟೆ ದಾಟಿತ್ತು. ಭೋಜನ್ ಚಟ್ಟದ ತಲೆಯ ಕಡೆ ಹೋಗಿ ನಿಂತ.

ಒಡಹುಟ್ಟಿದವಳ ಪಾಪ ತಮ್ಮನೇ ಹೇಳುವುದು ಕಷ್ಟ, ಬೇರೆ ಹಟ್ಟಿಯಿಂದ ಯಾರನ್ನಾದರೂ ಕರೆಸುವ ಎಂದು ಮಾದ ಗೌಡ ಅಂದಿದ್ದ. ಬೇಡ, ನಾನೇ ಹೇಳುತ್ತೇನೆ ಎಂದಿದ್ದ ಭೋಜನ್.

“ಹರಿವ ನೀರ ತಿರುಗಿಸಿದ ಪಾಪ,” ಎಂದು ಶುರುಮಾಡಿದ.

“ಅದು ಪಾಪ,” ಎಂದಿತು ಹಟ್ಟಿ.

“ಹಸಿದು ಬಂದವರ ಬಾಗಿಲಿಂದ ಕಳಿಸಿದ ಪಾಪ.”

“ಅದು ಪಾಪ.”

“ಕರುವಿಗ ಬಿಡದೆ ಹಾಲ ಕರೆದ ಪಾಪ.”

“ಅದು ಪಾಪ.”

ಅವುಗಳಲ್ಲಿ ಒಂದನ್ನೂ ನಂಜಿ ಮಾಡಿದವಳಲ್ಲ. ಅದು ಎಲ್ಲರಿಗೂ ಗೊತ್ತು, ಆದರೂ ಹೇಳುವುದು ಪದ್ಧತಿ. ಇಪ್ಪತ್ತೋ ಇಪ್ಪತ್ತೈದೋ ಆದ ಮೇಲೆ ಭೋಜನ್ ಜನದ ಕಡೆ ತಿರುಗಿದ.

“ಒಲೆ ಉರಿವ ಮನೆಯ ಇಲ್ಲ ಅಂದ ಪಾಪ.”

ಉತ್ತರ ಬರಲಿಲ್ಲ.

ಕೆಲವರಿಗೆ ತಪ್ಪು ಕೇಳಿಸಿತೇನೋ ಎನ್ನಿಸಿತು. ಭೋಜನ್ ಚಟ್ಟದ ಕೋಲು ಹಿಡಿದು ಮತ್ತೆ ಹೇಳಿದ, ಗಟ್ಟಿಯಾಗಿ. ಜನ ನೆಲ ನೋಡಿದರು. ಪಕ್ಕದ ಹಟ್ಟಿಗಳಿಂದ ಬಂದವರಿದ್ದರು, ಅವರ ಮುಂದೆ ಈ ಮಾತಿಗೆ ‘ಅದು ಪಾಪ’ ಎಂದರೆ ಹಟ್ಟಿಯ ಒಳಗಿನದು ಬಯಲಿಗೆ ಬಿದ್ದಂತೆ. ಹುಲ್ಲುಕಡ್ಡಿ ಹಾಕಿದ್ದು ಗೌಡ, ಒಪ್ಪಿದ್ದು ಹಟ್ಟಿ, ತಿಂಗಳು ತಿಂಗಳು ಸಂಬಳ ಬಂದದ್ದು ಹನ್ನೆರಡು ಮನೆಗೆ. ಮನೋಜ್ ಚಟ್ಟದ ಕಾಲಿನ ಕಡೆ ನಿಂತು ಬಾಯಿ ಒತ್ತಿ ಹಿಡಿದಿದ್ದ.

“ಬೇರೆ ಹೇಳು,” ಎಂದ ಮಾದ ಗೌಡ ಹತ್ತಿರ ಬಂದು. “ಇದ ಬಿಡು. ಇದು ಅವಳದಲ್ಲ.”

“ಅವಳದು ಯಾವುದು ಮಾದಣ್ಣ ಇಲ್ಲಿ? ಒಂದಾದರೂ ಅವಳದಾ?” ಎಂದ ಭೋಜನ್. ಮತ್ತೆ ಜನದ ಕಡೆ ತಿರುಗಿ ಮೂರನೆಯ ಸಲ ಹೇಳಿದ. “ಒಲೆ ಉರಿವ ಮನೆಯ ಇಲ್ಲ ಅಂದ ಪಾಪ. ಸಹಿ ಹಾಕಿದ್ದು ನಾನು. ಕೇಳಿ ಸುಮ್ಮನಿದ್ದದ್ದು ಹಟ್ಟಿ.”

ಯಾರೂ ಮಿಸುಕಲಿಲ್ಲ. ಉತ್ತರ ಬಾರದೆ ಮುಂದೆ ಹೋಗುವಂತಿಲ್ಲ, ಬಿಡುಗಡೆಯ ಮಾತು ಆಗದೆ ಚಟ್ಟ ಎತ್ತುವಂತಿಲ್ಲ. ಭೋಜನ್ ನಿಂತ. ಹಟ್ಟಿಯೂ ನಿಂತಿತು. ಬಿಸಿಲು ನಂಜಿಯ ಮುಖಕ್ಕೆ ಬಂತು, ಕಲಾ ಹೋಗಿ ತನ್ನ ತಲೆಯ ಬಟ್ಟೆ ಬಿಚ್ಚಿ ಮರೆ ಹಿಡಿದಳು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ, ಯಾರೂ ಗಡಿಯಾರ ನೋಡಲಿಲ್ಲ.

ಬೆಳ್ಳಗಲ್ಲಿನ ಕಡೆಯಿಂದ ವಿಸಿಲ್ ಬಂತು. ಎರಡು ಗಂಟೆಯಾಗಿತ್ತು. ಉದ್ದವಾಗಿ, ಮೊದಲನೆಯದು.

ಗುಂಪು ಒಮ್ಮೆಲೇ ಅಲುಗಿತು. ಹಿಂದಿನ ಸಾಲಿನವರು ಆಗಲೇ ಕೆಳಗೆ ತಿರುಗಿದ್ದರು. “ಅದು ಪಾಪ!” ಎಂದು ಕೂಗಿದ ಮಾದ ಗೌಡ. “ಅನ್ನಿ, ಎಲ್ಲರೂ ಅನ್ನಿ, ಬೇಗ! ಚಟ್ಟ ಎತ್ತಿ!”

“ಅದು ಪಾಪ! ಅದು ಪಾಪ!” ಎಂದು ಇಡೀ ಹಟ್ಟಿ ಕೂಗಿತು. ಅಷ್ಟು ಗಟ್ಟಿಯಾಗಿ ಆ ಮೈದಾನದಲ್ಲಿ ಯಾವ ಸಾವಿನಲ್ಲೂ ಯಾರೂ ಕೂಗಿರಲಿಲ್ಲ. ಎರಡನೆಯ ವಿಸಿಲ್ ಆಗುವಾಗ ನಾಲ್ಕು ಜನ ಚಟ್ಟ ಹೆಗಲಿಗೇರಿಸಿ ಇಳಿಜಾರಿನಲ್ಲಿ ಓಡುತ್ತಿದ್ದರು. ನಂಜಿಯ ಕೈಯೊಂದು ಬಟ್ಟೆಯಿಂದ ಹೊರಬಿದ್ದು ಓಟಕ್ಕೆ ತಕ್ಕಂತೆ ಆಡುತ್ತಿತ್ತು. ಮಹಾಲಿಂಗಂ ಕಳಿಸಿದ ಹಾರ ಹುಲ್ಲಿನ ಮೇಲೆ ಬಿತ್ತು, ಜನ ಅದನ್ನು ತುಳಿದು ಹೋದರು.

ಬಿಡುಗಡೆಯ ಮಾತು ಇನ್ನೂ ಆಗಿರಲಿಲ್ಲ. ಅದನ್ನು ಚಟ್ಟಕ್ಕೆ ಹಣೆ ತಾಗಿಸಿ ಹೇಳಬೇಕು, ಅದನ್ನು ಹೇಳಿದರೇ ಸತ್ತವರ ದಾರಿ ತೆರೆಯುವುದು. ಭೋಜನ್ ಹಣೆ ತಾಗಿಸಲು ಬಾಗಿದವನು ಹಾಗೇ ಬರಿಯ ಹುಲ್ಲಿನ ಮುಂದೆ ನಿಂತಿದ್ದ. ಮೂರನೆಯ ವಿಸಿಲ್ ಊದಿತು. ನಿಲ್ಲಬೇಕೆಂದು ಅವನಿಗೆ ಮನಸ್ಸಿತ್ತು, ನಿಜವಾಗಿಯೂ ಇತ್ತು. ಕಾಲುಗಳು ಕೇಳಲಿಲ್ಲ. ಅವನೂ ಓಡಿದ.

ಸೋಮವಾರ ಬೆಳಿಗ್ಗೆ ಅವನು ಮಂಜೂರಿನ ಕಚೇರಿಗೆ ಹೋದ. ಮನೆಯಲ್ಲೇ ಬರೆದುಕೊಂಡು ಹೋಗಿದ್ದ, ಮುಚ್ಚಿಡದೆ, ಎರಡೂ ಸಹಿಯ ಸಂಗತಿ. ಚಂದ್ರನ್ ಓದಿದ. ಎದ್ದು ಬೀರುವಿನಿಂದ ಟೇಪು ತೆಗೆದು, ಬನ್ನಿ, ಮತ್ತೆ ಅಳೆದು ಬರೆಯೋಣ, ನನ್ನ ಕೆಲಸ ಹೋದರೆ ಹೋಗಲಿ ಎಂದ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು.

ಮೇಲೆ ಹತ್ತಿದರೆ ಗೋಡೆ ಇರಲಿಲ್ಲ. ತಗಡು ಇರಲಿಲ್ಲ. ಭಾನುವಾರ ಜೆಸಿಬಿ ತಂದು ಮಟ್ಟ ಮಾಡಿದ್ದರು, ಜಲ್ಲಿ ಒಟ್ಟಲು ಜಾಗ ಸಾಲದಾಗಿತ್ತಂತೆ. ಬೇರಿಕಾಯಿ ಮರವನ್ನು ಬುಡಸಮೇತ ಎತ್ತಿದ್ದರು. ನಂಜಿ ಒಟ್ಟಿದ್ದ ಕಲ್ಲುಗಳು ಕ್ರಷರಿಗೆ ಹೋಗಿದ್ದವು. ಒಲೆಯಿದ್ದ ಕಡೆ ಆಳೆತ್ತರ ಜಲ್ಲಿ, ಅದರ ಮೇಲೆ ಬೆಳಗಿನ ಇಬ್ಬನಿ.

ಚಂದ್ರನ್ ಬಂಡೆಯ ಅಂಚಿನಲ್ಲಿ ನಿಂತು ಟೇಪು ಬಿಟ್ಟ. “ಎಲ್ಲಿಗೆ ಹಿಡಿಯುತ್ತೀರಿ?” ಎಂದು ಕೂಗಿ ಕೇಳಿದ.

ಭೋಜನ್ ತುದಿ ಹಿಡಿದು ಕೆಳಗೆ ಬಂದ. ಹತ್ತು ಹೆಜ್ಜೆ ಆ ಕಡೆ ಹೋದ, ಐದು ಹೆಜ್ಜೆ ಈ ಕಡೆ ಬಂದ. ಇಪ್ಪತ್ತೆಂಟು ವರ್ಷ ಅವನು ದಾಟಿದ್ದ ಹೊಸ್ತಿಲು ಎಲ್ಲಿತ್ತೆಂದು ಗೊತ್ತಾಗಲಿಲ್ಲ. ಈಗ ಯಾರು ಬಂದು ಅಳೆದರೂ ಅಂದು ತಾನು ಸಹಿ ಹಾಕಿದ್ದೇ ನಿಜ ಎಂಬುದು ಅವನಿಗೆ ಹೊಳೆಯಿತು. ಟೇಪಿನ ತುದಿ ಕೈಯಲ್ಲಿ ಹಿಡಿದುಕೊಂಡೇ ಅವನು ಜಲ್ಲಿಯ ಮೇಲೆ ಕುಕ್ಕರಿಸಿದ. ಮೇಲಿನಿಂದ ಚಂದ್ರನ್ ಮತ್ತೆ ಕೂಗಿ ಕೇಳುತ್ತಿದ್ದ. ಆಗ ಹನ್ನೊಂದು ಗಂಟೆಯ ಮೊದಲ ವಿಸಿಲ್ ಊದಿತು. ಈ ಸಲ ಭೋಜನ್ ಏಳಲಿಲ್ಲ.